ಅಮೆರಿಕದ ಡೈನರ್ ದಾರಿ: ಎಲ್ಲಿ ನಿಲ್ಲಬೇಕು, ಏನು ಕೇಳಬೇಕು, ಎಷ್ಟು ಇಟ್ಟು ಏಳಬೇಕು

ಬೇಸಿಗೆ ಹತ್ತಿರ ಬಂದರೆ ಸಾಕು, ಒಂದೇ ಪ್ರಶ್ನೆ ನಾಲ್ಕಾರು ಮನೆಗಳಿಂದ ಬರುತ್ತದೆ. ಊರಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ನಯಾಗರ ಕಳೆದ ಸಲವೇ ಆಯಿತು, ಈ ಬಾರಿ ಸಿನಿಮಾಗಳಲ್ಲಿ ಕಾಣುವ ಆ ಹಳೆಯ ಹೋಟೆಲುಗಳನ್ನು ತೋರಿಸಬೇಕು. ಉದ್ದನೆಯ ಕಟ್ಟೆ, ತಿರುಗುವ ಸ್ಟೂಲುಗಳು, ಗಾಜಿನ ಗೂಡಿನಲ್ಲಿ ಪೈ, ಎಲ್ಲವೂ ಇರಬೇಕು. ಎಲ್ಲಿಗೆ ಹೋಗೋಣ? ಅಲ್ಲಿ ಅಮ್ಮನಿಗೆ ತಿನ್ನಲು ಏನಾದರೂ ಸಿಗುತ್ತದೆಯೇ? ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧ ಗಂಟೆ ಹೇಳಿ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ನಾನಿರುವುದು ಬಾಸ್ಟನ್ ಸುತ್ತಮುತ್ತ. ಆದ್ದರಿಂದ ನನ್ನ ಒಲವು ಈಶಾನ್ಯದ ರಾಜ್ಯಗಳ ಕಡೆಗೇ ಇದೆ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಮೊದಲು ಪದದ ಅರ್ಥ. ಅಮೆರಿಕದಲ್ಲಿ ಈಗ ಬೆಳಗಿನ ತಿಂಡಿ, ಸ್ಯಾಂಡ್‌ವಿಚ್, ಕಾಫಿ ಕೊಡುವ ಯಾವುದೇ ಸಾದಾ ಹೋಟೆಲನ್ನೂ ಡೈನರ್ ಎನ್ನುತ್ತಾರೆ. ಆದರೆ ಅಸಲಿ ಡೈನರ್ ಎಂದರೆ ಕಾರ್ಖಾನೆಯಲ್ಲಿ ಪೂರ್ತಿ ತಯಾರಾಗಿ, ಲಾರಿಯಲ್ಲೋ ರೈಲಿನಲ್ಲೋ ಬಂದು, ರಸ್ತೆ ಬದಿಯ ಅಡಿಪಾಯದ ಮೇಲೆ ಕುಳಿತ ಕಟ್ಟಡ. ಹಳೆಯ ರೈಲು ಬೋಗಿಯನ್ನು ಹೋಟೆಲು ಮಾಡಿದ್ದಾರೆ ಎಂದು ಬಹಳ ಜನ ತಿಳಿದಿದ್ದಾರೆ, ಹೆಚ್ಚಿನವು ಹಾಗಲ್ಲ. ಇದರ ಮೂಲ ಕುದುರೆ ಗಾಡಿ. 1872ರಲ್ಲಿ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರದಲ್ಲಿ ವಾಲ್ಟರ್ ಸ್ಕಾಟ್ ಎಂಬಾತ ಪತ್ರಿಕಾ ಕಚೇರಿಯ ಮುಂದೆ ಗಾಡಿ ನಿಲ್ಲಿಸಿ ರಾತ್ರಿ ಪಾಳಿಯವರಿಗೆ ಸ್ಯಾಂಡ್‌ವಿಚ್, ಕಾಫಿ ಮಾರತೊಡಗಿದ. 1880ರ ದಶಕದಲ್ಲಿ ಗಿರಾಕಿಗಳು ಮಳೆಯಲ್ಲಿ ನೆನೆಯದಂತೆ ಒಳಗೇ ನಿಂತು ತಿನ್ನುವಷ್ಟು ದೊಡ್ಡ ಗಾಡಿಗಳು ಬಂದವು. ಆಮೇಲೆ ಗಾಲಿಗಳು ಹೋದವು, ಕಟ್ಟೆ ಉಳಿಯಿತು. ನಮ್ಮ ದರ್ಶಿನಿಗೂ ಇದಕ್ಕೂ ಇರುವ ಸಂಬಂಧ ಮನೋಧರ್ಮದ್ದು: ಬೇಗ ಬಿಸಿಯಾಗಿ ಸಿಗಬೇಕು, ಕಣ್ಣೆದುರೇ ಆಗಬೇಕು, ದುಬಾರಿಯಾಗಬಾರದು.

1. ದಾರಿಯನ್ನು ಚಿಕ್ಕದಾಗಿ ಇಟ್ಟುಕೊಳ್ಳಿ

ಎಲ್ಲರೂ ಮೊದಲು ಕೇಳುವುದು ರೂಟ್ 66. ಷಿಕಾಗೋದಿಂದ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದವರೆಗಿನ ಈ ಹೆದ್ದಾರಿ 1926ರಲ್ಲಿ ಹುಟ್ಟಿತು, 1985ರಲ್ಲಿ ಅಧಿಕೃತ ಪಟ್ಟಿಯಿಂದ ಹೊರಬಿತ್ತು. ಉದ್ದ 2,400 ಮೈಲಿಗೂ ಹೆಚ್ಚು, ಅಂದರೆ ಸುಮಾರು 3,900 ಕಿಲೋಮೀಟರ್. ಷಿಕಾಗೋದ ಲೂ ಮಿಚೆಲ್ಸ್, ಇಲಿನಾಯ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿರುವ ಕೋಜಿ ಡಾಗ್, ಸೇಂಟ್ ಲೂಯಿಸ್‌ನ ಟೆಡ್ ಡ್ರೂಸ್, ಟೆಕ್ಸಸ್‌ನ ಏಡ್ರಿಯನ್‌ನಲ್ಲಿ ದಾರಿಯ ನಟ್ಟನಡುವೆ ಇರುವ ಮಿಡ್‌ಪಾಯಿಂಟ್ ಕೆಫೆ ಎಲ್ಲವೂ ಹೆಸರು ಮಾಡಿದ ಜಾಗಗಳೇ. ಆದರೆ ಎರಡು ನಿಲ್ದಾಣಗಳ ನಡುವೆ ಎಷ್ಟೋ ಕಡೆ ಬಯಲು ಬಿಟ್ಟರೆ ಬೇರೇನೂ ಇಲ್ಲ. ಎರಡು ವಾರ ರಜೆ ಇಲ್ಲದವರು, ಮಂಡಿ ನೋವಿರುವ ಹಿರಿಯರನ್ನು ಜೊತೆಗಿಟ್ಟುಕೊಂಡವರು ಅದನ್ನು ಮೊದಲ ಪ್ರವಾಸವಾಗಿ ಆರಿಸಬೇಡಿ.

ನಾನು ಹೇಳುವ ದಾರಿ ನಾಲ್ಕು ದಿನದ್ದು, ಡೈನರ್ ಹುಟ್ಟಿದ ನೆಲದಲ್ಲೇ ಸಾಗುವಂಥದ್ದು.

ಮೊದಲ ದಿನ ಮ್ಯಾಸಚೂಸೆಟ್ಸ್ ರಾಜ್ಯದೊಳಗೇ ಬಾಸ್ಟನ್ನಿನಿಂದ ವುಸ್ಟರ್, ಸುಮಾರು 75 ಕಿಲೋಮೀಟರ್. ಫಲಕದಲ್ಲಿ ‘ವರ್ಸೆಸ್ಟರ್’ ಎಂದು ಓದುವಂತೆ ಕಂಡರೂ ಹೇಳುವುದು ವುಸ್ಟರ್ ಎಂದೇ. ಇಲ್ಲಿನ ವುಸ್ಟರ್ ಲಂಚ್ ಕಾರ್ ಕಂಪನಿ 1906ರಿಂದ 1957ರವರೆಗೆ 651 ಡೈನರ್‌ಗಳನ್ನು ಕಟ್ಟಿ ಕಳುಹಿಸಿತು. ಕಾರ್ಖಾನೆಯಿದ್ದ ಜಾಗದ ಎದುರಿಗೇ ಮಿಸ್ ವುಸ್ಟರ್ ಡೈನರ್ ಇದೆ, 1948ರದ್ದು, ಸಂಖ್ಯೆ 812. ಕಂಪನಿ ತನ್ನ ಎಣಿಕೆಯನ್ನು 200ರಿಂದ ಆರಂಭಿಸಿತ್ತು. ಹಾಗಾಗಿ ಇದು 812ನೆಯದಲ್ಲ, ಆದರೆ ಕೊನೆಯ ಕಂತಿನದು ಎಂಬುದು ಸಂಖ್ಯೆಯಿಂದಲೇ ಗೊತ್ತಾಗುತ್ತದೆ. ಅದೇ ಊರಿನ ಷ್ರೂಸ್‌ಬರಿ ರಸ್ತೆಯಲ್ಲಿ 1936ರ ಬೂಲವಾರ್ಡ್ ಡೈನರ್ ಇದೆ.

ಎರಡನೆಯ ದಿನ ಪ್ರಾವಿಡೆನ್ಸ್ ಮತ್ತು ಅದಕ್ಕಂಟಿದ ಪಾಟಕೆಟ್. ಪಾಟಕೆಟ್‌ನ ಮಾಡರ್ನ್ ಡೈನರ್ ಮುಂಭಾಗ ಓಡುವ ರೈಲು ಎಂಜಿನ್ನಿನಂತೆ ಗುಂಡಗೆ ಬಾಗಿದೆ. 1978ರಲ್ಲಿ ಅಮೆರಿಕದ ರಾಷ್ಟ್ರೀಯ ಚಾರಿತ್ರಿಕ ತಾಣಗಳ ಪಟ್ಟಿಗೆ ಸೇರಿದ ಮೊದಲ ಡೈನರ್ ಇದೇ. ಸಂಜೆ ಪ್ರಾವಿಡೆನ್ಸ್‌ನ ನಗರಸಭೆ ಕಟ್ಟಡದ ಪಕ್ಕಕ್ಕೆ ಹೋದರೆ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ನಡೆದುಬಂದಿರುವ ಹೇವನ್ ಬ್ರದರ್ಸ್ ನೋಡಬಹುದು. ಅದಕ್ಕೆ ಇನ್ನೂ ಗಾಲಿಗಳಿವೆ. ವಾಲ್ಟರ್ ಸ್ಕಾಟನ ಗಾಡಿ ಹೇಗಿದ್ದಿರಬಹುದು ಎಂಬ ಅಂದಾಜು ಅಲ್ಲಿ ಸಿಗುತ್ತದೆ.

ಮೂರನೆಯ ದಿನ ಕನೆಕ್ಟಿಕಟ್ ದಾಟಬೇಕು. ಲಾರಿಗಳಿಂದ ತುಂಬಿದ 95ನೆಯ ಹೆದ್ದಾರಿಯನ್ನು ಬಿಟ್ಟು, ಸಾಧ್ಯವಾದಷ್ಟು ದೂರ ಮೆರಿಟ್ ಪಾರ್ಕ್‌ವೇ ಹಿಡಿಯಿರಿ. 1940ರಲ್ಲಿ ಪೂರ್ಣಗೊಂಡ ಈ ರಸ್ತೆಗೆ ಲಾರಿಗಳಿಗೆ ಪ್ರವೇಶವಿಲ್ಲ, ಎರಡೂ ಕಡೆ ಮರಗಳು, ಒಂದೊಂದು ಸೇತುವೆಗೂ ಒಂದೊಂದು ಕುಸುರಿ. ನಡುವೆ ನ್ಯೂ ಹೇವನ್‌ನಲ್ಲಿ ಡೈನರ್ ಬಿಟ್ಟು ಪಿಜ್ಜಾಕ್ಕೆ ನಿಲ್ಲಿ; ಫ್ರಾಂಕ್ ಪೇಪೆ 1925ರಿಂದ ಅಲ್ಲಿದೆ. ‘ಪ್ಲೇನ್’ ಎಂದು ಕೇಳಿದರೆ ಟೊಮೆಟೊ ಸಾರು ಮತ್ತು ತುರಿದ ಗಟ್ಟಿ ಚೀಸ್ ಮಾತ್ರ ಬರುತ್ತದೆ. ಮೊಜರೆಲ್ಲಾ ಬೇಕಾದರೆ ಬಾಯಿಬಿಟ್ಟು ಕೇಳಬೇಕು.

ನಾಲ್ಕನೆಯ ದಿನ ನ್ಯೂಜೆರ್ಸಿ. ಡೈನರ್ ಕಟ್ಟುವ ಕಾರ್ಖಾನೆಗಳು ವುಸ್ಟರ್ ಬಿಟ್ಟರೆ ಹೆಚ್ಚಾಗಿ ಇದ್ದದ್ದು ಈ ರಾಜ್ಯದಲ್ಲೇ: ಓ’ಮಹೋನಿ, ಕುಲ್ಮನ್, ಪ್ಯಾಟರ್ಸನ್ ಊರಿನ ಸಿಲ್ಕ್ ಸಿಟಿ. ಸಮಿಟ್ ಎಂಬ ಊರಿನ ಸಮಿಟ್ ಡೈನರ್ 1939ರ ಓ’ಮಹೋನಿ, ರೈಲು ನಿಲ್ದಾಣದ ಎದುರಿಗೇ ಇದೆ. ಕಾರು ಓಡಿಸುವವರು ಯಾರೂ ಇಲ್ಲದಿದ್ದರೆ ನ್ಯೂಯಾರ್ಕಿನಿಂದ ರೈಲಿನಲ್ಲೇ ಹೋಗಿ ಬರಬಹುದು. ಕ್ಲಿಫ್ಟನ್‌ನ ಟಿಕ್ ಟಾಕ್ ಡೈನರ್ ಇನ್ನೊಂದು ಬಗೆಯದು: ಥಳಥಳಿಸುವ ಉಕ್ಕು, ನಿಯಾನ್ ದೀಪ, ಪುಸ್ತಕದಷ್ಟು ದಪ್ಪದ ಮೆನು. ಇದೇ ರಾಜ್ಯದ ಎಡಿಸನ್ ಕಡೆ ಮಕ್ಕಳ ಮನೆಯಲ್ಲಿ ಉಳಿದಿರುವವರು ಈ ದಾರಿಯನ್ನು ತಿರುಗುಮುರುಗು ಮಾಡಿಕೊಳ್ಳಿ.

2. ಕಾರು, ಕಾಗದಪತ್ರ, ಟೋಲ್

ನೀವು ಭಾರತದ ಪರವಾನಗಿಯ ಮೇಲೆ ಓಡಿಸುವುದಾದರೆ, ಅಂತರರಾಷ್ಟ್ರೀಯ ಚಾಲನಾ ಪರ್ಮಿಟ್ಟನ್ನು ಹೊರಡುವ ಮೊದಲೇ ನಿಮ್ಮ ಊರಿನ ಆರ್‌ಟಿಒ ಮೂಲಕ ಮಾಡಿಸಿಕೊಳ್ಳಿ. ಅದೊಂದೇ ಸಾಲದು, ಮೂಲ ಪರವಾನಗಿಯೂ ಜೇಬಿನಲ್ಲಿರಬೇಕು. ಬಾಡಿಗೆ ಕಾರಿಗೆ ಓಡಿಸುವವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. 25 ವರ್ಷಕ್ಕಿಂತ ಚಿಕ್ಕವರಾದರೆ ಹೆಚ್ಚುವರಿ ಶುಲ್ಕ ಬೀಳುತ್ತದೆ.

ಜನ ಎಡವುವುದು ಟೋಲಿನಲ್ಲಿ. ಮ್ಯಾಸಚೂಸೆಟ್ಸ್ ಟರ್ನ್‌ಪೈಕ್ ಎಂಬ ಟೋಲ್ ಹೆದ್ದಾರಿಯಲ್ಲಿ ಹಣ ಕೊಡುವ ಗೂಡುಗಳೇ ಇಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದಿಕೊಳ್ಳುತ್ತದೆ. ಬಿಲ್ಲು ಬಾಡಿಗೆ ಕಂಪನಿಗೆ ಹೋಗಿ, ಅಲ್ಲಿಂದ ಸೇವಾ ಶುಲ್ಕ ಸೇರಿಕೊಂಡು ನಿಮ್ಮ ಕಾರ್ಡಿಗೆ ಬರುತ್ತದೆ. ದಿನಕ್ಕೆ ಎಷ್ಟು ಎಂದು ಕೀಲಿ ತೆಗೆದುಕೊಳ್ಳುವಾಗಲೇ ಕೇಳಿ. ಕನೆಕ್ಟಿಕಟ್‌ನಲ್ಲಿ ಟೋಲ್ ಇಲ್ಲ.

ಪೆಟ್ರೋಲಿನ ಪಂಪು ಕಾರ್ಡ್ ಹಾಕಿದೊಡನೆ ಅಮೆರಿಕದ ಪಿನ್‌ಕೋಡ್ ಕೇಳುತ್ತದೆ. ಭಾರತದ ಕಾರ್ಡಾದರೆ ಒದ್ದಾಡದೆ ಒಳಗೆ ಹೋಗಿ ಮುಂಗಡ ಕೊಡಿ. ನ್ಯೂಜೆರ್ಸಿಯಲ್ಲಿ ಕೆಳಗಿಳಿಯಲೇಬೇಡಿ, ಅಲ್ಲಿ ಗಿರಾಕಿಯೇ ಪೆಟ್ರೋಲ್ ಹಾಕಿಕೊಳ್ಳುವುದು ಕಾನೂನಿನ ಪ್ರಕಾರ ನಿಷಿದ್ಧ, ನಮ್ಮೂರಿನಂತೆ ಹುಡುಗರು ಬಂದು ಹಾಕುತ್ತಾರೆ. ಹಳದಿ ಶಾಲಾ ಬಸ್ಸು ಕೆಂಪು ದೀಪ ಮಿನುಗಿಸಿ ನಿಂತರೆ, ವಿಭಜಕವಿಲ್ಲದ ರಸ್ತೆಯಲ್ಲಿ ಎದುರಿನಿಂದ ಬರುವವರೂ ನಿಲ್ಲಬೇಕು. ಇದನ್ನು ಮಾತ್ರ ಮರೆಯಬೇಡಿ.

3. ಅಸಲಿಯೋ ನಕಲಿಯೋ ನೋಡಿಕೊಳ್ಳಿ

ಗೋಡೆ ತುಂಬ ಹಳೆಯ ನಟರ ಫೋಟೊ, ಹೊಸದಾಗಿ ಹಾಕಿಸಿದ ಕಪ್ಪು ಬಿಳುಪಿನ ಚೌಕಳಿ ನೆಲ, ನಾಣ್ಯ ಹಾಕಿ ಹಾಡು ಕೇಳುವ ಜೂಕ್‌ಬಾಕ್ಸಿನ ಪ್ಲಾಸ್ಟಿಕ್ ಪ್ರತಿರೂಪ ಕಂಡರೆ ಅದು ಬಹುಪಾಲು ವೇಷ. ಹಳೆಯ ಡೈನರ್ ಕಿರಿದಾಗಿರುತ್ತದೆ, ಯಾಕೆಂದರೆ ಅದು ರಸ್ತೆಯ ಮೇಲೆ ಬರಬೇಕಿತ್ತು. ಮೇಲ್ಛಾವಣಿ ಪೀಪಾಯಿಯಂತೆ ಬಾಗಿರಬಹುದು. ಹೊರಗೋಡೆಯಲ್ಲಿ ಗಾಜಿನಂತೆ ಹೊಳೆಯುವ ಎನಾಮಲ್ ಹಾಳೆಯೋ ಸ್ಟೇನ್‌ಲೆಸ್ ಸ್ಟೀಲೋ ಇರುತ್ತದೆ. ಬಾಗಿಲ ಮೇಲೋ ಒಳಗಿನ ಗೋಡೆಯಲ್ಲೋ ಕಟ್ಟಿದ ಕಂಪನಿಯ ಚಿಕ್ಕ ಲೋಹದ ಪಟ್ಟಿಯನ್ನು ಹುಡುಕಿ. ನೆಲದ ಹೆಂಚಿನಲ್ಲಿ ಸ್ಟೂಲುಗಳ ಮುಂದೆ ಕಾಲಿಟ್ಟು ಕಾಲಿಟ್ಟು ಸವೆದ ಗುರುತುಗಳಿದ್ದರೆ ಬೇರೆ ಪುರಾವೆ ಬೇಕಿಲ್ಲ.

4. ಬೆಳಗ್ಗೆ ಹೋಗಿ, ಹೋಗುವ ಮೊದಲು ಫೋನ್ ಮಾಡಿ

ಡೈನರ್ ಎಂದರೆ ಇಡೀ ರಾತ್ರಿ ತೆರೆದಿರುತ್ತದೆ ಎಂಬುದು ಹಳೆಯ ಮಾತು. ಕೊರೊನಾ ನಂತರ ಎಷ್ಟೋ ಕಡೆ ರಾತ್ರಿ ಪಾಳಿಯೇ ನಿಂತುಹೋಗಿದೆ. ಚಿಕ್ಕ ಡೈನರ್‌ಗಳು ಮುಂಜಾನೆ ಆರರ ಹೊತ್ತಿಗೆ ತೆರೆದು ಮಧ್ಯಾಹ್ನ ಎರಡಕ್ಕೆ ಮುಚ್ಚುತ್ತವೆ. ವಾರದಲ್ಲಿ ಒಂದೆರಡು ದಿನ ರಜೆಯೂ ಇರುತ್ತದೆ. ಎರಡು ಗಂಟೆ ಹತ್ತು ನಿಮಿಷಕ್ಕೆ ಹೋಗಿ, ಮೇಜಿನ ಮೇಲೆ ಕುರ್ಚಿಗಳನ್ನು ಮಗುಚಿಟ್ಟು ನೆಲ ಒರೆಸುವುದನ್ನು ಕಿಟಕಿಯಿಂದ ನೋಡಿ ಹಿಂದಿರುಗಿದ ಅನುಭವ ನನಗಿದೆ. ಮ್ಯಾಪಿನಲ್ಲಿ ತೋರಿಸುವ ಸಮಯವನ್ನು ನಂಬಬೇಡಿ. ಕೆಲವು ಹಳೆಯ ಡೈನರ್‌ಗಳು ಕೈ ಬದಲಾಗುತ್ತವೆ, ತಿಂಗಳುಗಟ್ಟಲೆ ಮುಚ್ಚಿರುತ್ತವೆ.

ಭಾನುವಾರ ಒಂಬತ್ತರಿಂದ ಹನ್ನೆರಡರವರೆಗೆ ಹೊರಗೆ ಸಾಲು ನಿಂತಿರುತ್ತದೆ. ವಾರದ ದಿನ ಬೆಳಗ್ಗೆ ಏಳೂವರೆಗೆ ಹೋದರೆ ಕಾಯಂ ಗಿರಾಕಿಗಳ ಪಕ್ಕದಲ್ಲೇ ಜಾಗ ಸಿಗುತ್ತದೆ. ನಿಜವಾದ ಡೈನರ್ ಅದೇ.

5. ಕುಳಿತುಕೊಳ್ಳುವುದು, ಕೇಳುವುದು

ಒಳಗೆ ಹೋದೊಡನೆ ಫಲಕ ನೋಡಿ. ‘ಪ್ಲೀಸ್ ವೇಟ್ ಟು ಬಿ ಸೀಟೆಡ್’ ಎಂದಿದ್ದರೆ ಯಾರಾದರೂ ಬಂದು ಕರೆಯುವವರೆಗೆ ನಿಲ್ಲಬೇಕು. ಇಲ್ಲದಿದ್ದರೆ ಖಾಲಿ ಜಾಗದಲ್ಲಿ ಕುಳಿತರಾಯಿತು. ಎದುರುಬದುರು ಸೋಫಾ ಇರುವ ಮೇಜಿಗೆ ಬೂತ್ ಎನ್ನುತ್ತಾರೆ. ಹಿರಿಯರಿಗೆ ಅದೇ ಅನುಕೂಲ. ಆದರೆ ನೀವು ಒಬ್ಬರೋ ಇಬ್ಬರೋ ಆದರೆ ಕೌಂಟರ್ ಬಿಟ್ಟು ಬೇರೆಡೆ ಕೂರಬೇಡಿ. ಕಟ್ಟೆಯ ಆಚೆಗೆ ಎರಡಡಿ ದೂರದಲ್ಲಿ ಗ್ರಿಡಲ್ ಇರುತ್ತದೆ, ಅಂದರೆ ನಮ್ಮ ದೋಸೆ ಕಲ್ಲಿನ ದೊಡ್ಡಣ್ಣ. ಅಡುಗೆಯವನು ಎಡಗೈಯಲ್ಲಿ ಎರಡು ಮೊಟ್ಟೆ ಒಡೆದು, ಬಲಗೈಯ ಚಪ್ಪಟೆ ಕರಣೆಯಿಂದ ಆಲೂಗಡ್ಡೆ ಮಗುಚಿ, ಅದೇ ಕರಣೆಯಿಂದ ಕಲ್ಲನ್ನು ಕೆರೆದು ಕೊಬ್ಬನ್ನು ಅಂಚಿನ ಕಾಲುವೆಗೆ ತಳ್ಳುತ್ತಾನೆ. ನಮ್ಮಲ್ಲಿ ನೀರು ಚಿಮುಕಿಸಿ ಪೊರಕೆಯಾಡಿಸುತ್ತಾರಲ್ಲ, ಆ ಕೆಲಸವೇ. ಚೀಟಿಗಳು ಸಾಲಾಗಿ ತೂಗುತ್ತಿರುತ್ತವೆ. ಅವನು ಒಂದು ಸಲ ಓರೆನೋಟ ಬೀರಿದನೆಂದರೆ ಐದು ತಟ್ಟೆಗಳ ಲೆಕ್ಕ ತಲೆಯಲ್ಲಿ ಕೂತಿತು ಎಂದೇ ಅರ್ಥ.

ಕುಳಿತ ಕೂಡಲೇ ‘ಕಾಫಿ?’ ಎನ್ನುತ್ತಾರೆ. ಹೂಂ ಎಂದರೆ ದಪ್ಪ ಪಿಂಗಾಣಿ ಲೋಟದಲ್ಲಿ ತೆಳು ಕಾಫಿ ಬರುತ್ತದೆ, ಖಾಲಿಯಾದಷ್ಟೂ ಪುಕ್ಕಟೆಯಾಗಿ ಸುರಿಯುತ್ತಾರೆ. ಇದರಲ್ಲಿ ಬೈ-ಟು ಇಲ್ಲ. ಒಂದು ಲೋಟ ತರಿಸಿ ಇಬ್ಬರೂ ಮೂರು ಮೂರು ಸಲ ತುಂಬಿಸಿಕೊಂಡರೆ ಅವರು ಬಾಯಿಬಿಟ್ಟು ಏನೂ ಅನ್ನುವುದಿಲ್ಲ, ಆದರೆ ಅದು ಮರ್ಯಾದೆಯಲ್ಲ. ಸಾಕಾದಾಗ ಲೋಟದ ಮೇಲೆ ಅಂಗೈ ಅಡ್ಡ ಹಿಡಿಯಿರಿ. ಫಿಲ್ಟರ್ ಕಾಫಿಯ ನಿರೀಕ್ಷೆಯನ್ನು ಹೊರಗೆ ಕಾರಿನಲ್ಲೇ ಬಿಟ್ಟು ಬನ್ನಿ.

ತಿಂಡಿ ಕೇಳಿದರೆ ಪ್ರಶ್ನೆಗಳ ಸುರಿಮಳೆ ಆಗುತ್ತದೆ. ತಬ್ಬಿಬ್ಬಾಗದಿರಲು ಉತ್ತರ ಸಿದ್ಧವಿರಲಿ.

ಮೊಟ್ಟೆ ಹೇಗೆ? ‘ಸನಿ ಸೈಡ್ ಅಪ್’ ಎಂದರೆ ಮಗುಚದೆ ಬೇಯಿಸಿದ್ದು, ನಮ್ಮ ಬುಲ್ಸ್ ಐ. ‘ಓವರ್ ಈಸಿ’ ಎಂದರೆ ಮಗುಚಿದರೂ ಹಳದಿ ಹರಿಯುತ್ತದೆ. ‘ಓವರ್ ಮೀಡಿಯಂ’ ಅರೆಗಟ್ಟಿ. ‘ಓವರ್ ಹಾರ್ಡ್’ ಪೂರ್ತಿ ಗಟ್ಟಿ. ‘ಸ್ಕ್ರಾಂಬಲ್ಡ್’ ಕದಡಿ ಹುರಿದದ್ದು, ಆದರೆ ಈರುಳ್ಳಿ ಮೆಣಸಿನಕಾಯಿ ಹಾಕಿದ ಭುರ್ಜಿಯಲ್ಲ.

ಆಲೂಗಡ್ಡೆ ಯಾವುದು? ‘ಹೋಮ್ ಫ್ರೈಸ್’ ತುಂಡುಗಳು, ನಮ್ಮ ಪಲ್ಯಕ್ಕೆ ಹತ್ತಿರ. ‘ಹ್ಯಾಶ್ ಬ್ರೌನ್ಸ್’ ತುರಿದು ತಟ್ಟಿ ಕೆಂಪಗೆ ಸುಟ್ಟದ್ದು. ಟೋಸ್ಟ್ ಯಾವುದು? ವೈಟ್, ವೀಟ್, ರೈ. ‘ಸೈಡ್’ ಎಂದರೆ ಜೊತೆಗೆ ಬರುವ ಚಿಕ್ಕ ತಟ್ಟೆ. ‘ಸ್ಪೆಷಲ್’ ಆ ದಿನದ ಅಡುಗೆ, ಗೋಡೆಯ ಹಲಗೆಯಲ್ಲಿ ಬರೆದಿರುತ್ತದೆ, ಬಹಳ ಸಲ ಮೆನುವಿನಲ್ಲಿರುವುದಕ್ಕಿಂತ ಚೆನ್ನಾಗಿರುತ್ತದೆ. ‘ಏಟಿ ಸಿಕ್ಸ್’ ಎಂದು ಒಳಗಿನಿಂದ ಕೂಗಿದರೆ ಆ ಪದಾರ್ಥ ಮುಗಿಯಿತು ಎಂದರ್ಥ.

ಪ್ರಮಾಣದ ಬಗ್ಗೆ ಒಂದು ಮಾತು. ಒಂದು ತಟ್ಟೆ ನಮ್ಮಲ್ಲಿ ಇಬ್ಬರಿಗೆ ಧಾರಾಳವಾಗಿ ಸಾಕು. ದಿನಕ್ಕೆ ಎರಡು ಡೈನರ್‌ಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ನಾಲ್ಕನೆಯದರ ಹೊತ್ತಿಗೆ ರುಚಿಯೂ ತಿಳಿಯುವುದಿಲ್ಲ, ಹೆಸರೂ ನೆನಪಿರುವುದಿಲ್ಲ.

6. ಸಸ್ಯಾಹಾರಿಗಳು ಇದನ್ನು ಎರಡು ಸಲ ಓದಿ

ಇಲ್ಲಿ ಯಾರೂ ಮೋಸ ಮಾಡುವುದಿಲ್ಲ. ‘ವೆಜಿಟೇರಿಯನ್’ ಎಂಬ ಪದಕ್ಕೆ ಅವರಿಗಿರುವ ಅರ್ಥವೇ ಬೇರೆ. ಮೊಟ್ಟೆ ಅದರೊಳಗೇ ಸೇರಿದೆ. ಕೆಲವರ ಲೆಕ್ಕದಲ್ಲಿ ಮೀನೂ ಸೇರಿಬಿಡುತ್ತದೆ. ಆದ್ದರಿಂದ ಪದ ಹೇಳಿ ಸುಮ್ಮನಾಗದೆ ಒಂದೊಂದನ್ನೂ ಬಿಡಿಸಿ ಹೇಳಿ: ನೋ ಮೀಟ್, ನೋ ಫಿಶ್, ನೋ ಬ್ರಾತ್, ನೋ ಎಗ್. ಬ್ರಾತ್ ಎಂದರೆ ಮಾಂಸ, ಮೂಳೆ ಬೇಯಿಸಿ ತೆಗೆದ ಕಟ್ಟು.

ಜನ ಸಿಕ್ಕಿಬೀಳುವ ಜಾಗಗಳು ಇವು. ‘ವೆಜಿಟಬಲ್ ಸೂಪ್’ ಎಂದು ಬರೆದಿದ್ದರೂ ಅದರ ಕಟ್ಟು ದನದ್ದೋ ಕೋಳಿಯದೋ ಆಗಿರಬಹುದು. ನನಗೆ ಇದು ತಿಳಿದದ್ದು ಅರ್ಧ ಬಟ್ಟಲು ಮುಗಿದ ಮೇಲೆ. ‘ಬೇಕ್ಡ್ ಬೀನ್ಸ್’ನಲ್ಲಿ ಹಂದಿಯ ಕೊಬ್ಬಿನ ತುಂಡು ಇರುತ್ತದೆ. ಬ್ರೌನ್ ಗ್ರೇವಿ, ಅಂದರೆ ಆಲೂಗಡ್ಡೆಯ ಮೇಲೆ ಸುರಿಯುವ ಕಂದು ಸಾರು, ಮಾಂಸದ್ದೇ. ನ್ಯೂಜೆರ್ಸಿಯ ‘ಡಿಸ್ಕೋ ಫ್ರೈಸ್’ ನೋಡಲು ಬರೀ ಆಲೂಗಡ್ಡೆ, ಚೀಸು. ಆದರೆ ಮೇಲಿರುವುದು ಅದೇ ಗ್ರೇವಿ. ಬಣ್ಣಬಣ್ಣದ ಜೆಲ್ಲಿಯಲ್ಲಿ ಪ್ರಾಣಿಮೂಲದ ಜಿಲೆಟಿನ್ ಇದೆ. ಪೈ ಹೊರಪದರಕ್ಕೆ ಕೆಲವರು ಬೆಣ್ಣೆ ಹಾಕುತ್ತಾರೆ, ಕೆಲವರು ಲಾರ್ಡ್ ಎಂಬ ಹಂದಿ ಕೊಬ್ಬು ಹಾಕುತ್ತಾರೆ. ಕೇಳಿಯೇ ತಿನ್ನಿ. ಪ್ಯಾನ್‌ಕೇಕ್, ವಾಫಲ್, ಫ್ರೆಂಚ್ ಟೋಸ್ಟ್ ಮೂರರಲ್ಲೂ ಮೊಟ್ಟೆ ಇರುತ್ತದೆ.

ಇನ್ನು ದೋಸೆ ಕಲ್ಲಿನ ಸಮಸ್ಯೆ. ಬೇಕನ್, ಅಂದರೆ ಹಂದಿಮಾಂಸದ ಪಟ್ಟಿಗಳನ್ನು ಹುರಿದ ಕಲ್ಲಿನ ಮೇಲೆಯೇ ಹೋಮ್ ಫ್ರೈಸ್ ಬೇಯುತ್ತದೆ. ಕೌಂಟರ್‌ನಲ್ಲಿ ಕುಳಿತರೆ ಇದನ್ನು ಕಣ್ಣಾರೆ ನೋಡಬಹುದು. ‘ಬೇರೆ ಬಾಣಲೆಯಲ್ಲಿ ಮಾಡಿಕೊಡುತ್ತೀರಾ’ ಎಂದು ಜನ ಕಡಿಮೆ ಇರುವ ಹೊತ್ತಿನಲ್ಲಿ ಕೇಳಿದರೆ ಮಾಡಿಕೊಡುವವರು ಇದ್ದಾರೆ. ಮಡಿ ಮೈಲಿಗೆ ಕಟ್ಟುನಿಟ್ಟಾಗಿರುವ ಹಿರಿಯರಿಗೆ ಮೊದಲೇ ಹೇಳಿ, ನಿರ್ಧಾರವನ್ನು ಅವರಿಗೇ ಬಿಡಿ. ಮುಚ್ಚಿಟ್ಟು ತಿನ್ನಿಸಬೇಡಿ.

ಹಾಗಾದರೆ ಏನು ಉಳಿಯಿತು? ಓಟ್‌ಮೀಲ್ ಗಂಜಿ, ಬೆಣ್ಣೆ ಸವರಿದ ಇಂಗ್ಲಿಷ್ ಮಫಿನ್, ಬೇಗಲ್ ಎಂಬ ಬಳೆಯಾಕಾರದ ಬ್ರೆಡ್ ಮತ್ತು ಕ್ರೀಮ್ ಚೀಸ್, ಹಣ್ಣಿನ ಬಟ್ಟಲು, ಎರಡು ಬ್ರೆಡ್ಡಿನ ನಡುವೆ ಚೀಸ್ ಕರಗಿಸಿ ಸುಟ್ಟ ಗ್ರಿಲ್ಡ್ ಚೀಸ್. ಮೊಟ್ಟೆ ತಿನ್ನುವವರಿಗೆ ತರಕಾರಿ ಆಮ್ಲೆಟ್ ಇದೆ. ನ್ಯೂಯಾರ್ಕ್, ನ್ಯೂಜೆರ್ಸಿಯ ಡೈನರ್‌ಗಳಲ್ಲಿ ಇನ್ನೊಂದು ಅದೃಷ್ಟವಿದೆ. ಅವುಗಳಲ್ಲಿ ಬಹಳಷ್ಟನ್ನು ನಡೆಸಿದವರು ಗ್ರೀಸ್‌ನಿಂದ ವಲಸೆ ಬಂದ ಕುಟುಂಬಗಳು. ಹಾಗಾಗಿ ಬರ್ಗರ್ ಪಟ್ಟಿಯ ಪಕ್ಕದಲ್ಲೇ ಗ್ರೀಕ್ ಸಲಾಡ್, ಪಾಲಕ್ ಮತ್ತು ಫೆಟಾ ಚೀಸ್ ತುಂಬಿದ ಸ್ಪಿನಾಚ್ ಪೈ ಇರುತ್ತವೆ. ಹೂರಣದಲ್ಲಿ ಮೊಟ್ಟೆ ಇದೆಯೇ ಎಂದು ಕೇಳುವುದನ್ನು ಮಾತ್ರ ಮರೆಯಬೇಡಿ. ಕೈಚೀಲದಲ್ಲಿ ಒಂದು ಚಿಕ್ಕ ಡಬ್ಬಿ ಚಟ್ನಿಪುಡಿ ಇರಲಿ. ಬೆಣ್ಣೆ ಟೋಸ್ಟಿನ ಮೇಲೆ ಉದುರಿಸಿಕೊಂಡರೆ ಯಾರೂ ಆಕ್ಷೇಪಿಸುವುದಿಲ್ಲ; ಪಕ್ಕದವರು ಏನದು ಎಂದು ಕೇಳಬಹುದು, ಅಷ್ಟೇ.

7. ಆ ಊರಿನದನ್ನು ಆ ಊರಿನಲ್ಲೇ ಕೇಳಿ

ರೋಡ್ ಐಲೆಂಡ್‌ನಲ್ಲಿ ‘ಕಾಫಿ ಮಿಲ್ಕ್’: ತಣ್ಣನೆಯ ಹಾಲಿಗೆ ಸಿಹಿ ಕಾಫಿ ಪಾಕ. 1993ರಿಂದ ಅದು ಆ ರಾಜ್ಯದ ಅಧಿಕೃತ ಪಾನೀಯ. ನಮ್ಮ ಕೋಲ್ಡ್ ಕಾಫಿ ಇಷ್ಟಪಡುವ ಮಕ್ಕಳು ಬಿಡುವುದಿಲ್ಲ. ಅಲ್ಲೇ ‘ಜಾನಿಕೇಕ್’ ಸಿಕ್ಕರೆ ತಿನ್ನಿ, ಬಿಳಿ ಮೆಕ್ಕೆಜೋಳದ ಹಿಟ್ಟಿನ ಪುಟ್ಟ ರೊಟ್ಟಿ. ಯಾವ ಕೊಬ್ಬಿನಲ್ಲಿ ಬೇಯಿಸಿದ್ದು ಎಂದು ಕೇಳಿ. ನ್ಯೂ ಇಂಗ್ಲೆಂಡ್, ಅಂದರೆ ಬಾಸ್ಟನ್ ಸುತ್ತಲಿನ ಈಶಾನ್ಯ ರಾಜ್ಯಗಳ ಮೆನುಗಳಲ್ಲಿ ‘ಇಂಡಿಯನ್ ಪುಡ್ಡಿಂಗ್’ ಕಂಡರೆ ನಮ್ಮದೆಂದು ಹಿಗ್ಗಬೇಡಿ. ಮೆಕ್ಕೆಜೋಳದ ಹಿಟ್ಟನ್ನು ವಲಸೆಗಾರರು ‘ಇಂಡಿಯನ್ ಹಿಟ್ಟು’ ಎಂದು ಕರೆದದ್ದರಿಂದ ಬಂದ ಹೆಸರದು. ಹಾಲು, ಹಿಟ್ಟು, ಕಾಕಂಬಿ ಹಾಕಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಜೋನಿಬೆಲ್ಲದ ರುಚಿ ಗೊತ್ತಿರುವ ಮಲೆನಾಡಿನವರಿಗೆ ಒಂದು ಚಮಚದಲ್ಲೇ ಹಿಡಿಸುತ್ತದೆ.

ಮಾಂಸ ತಿನ್ನುವವರಿಗೆ: ಕರಾವಳಿಯಲ್ಲಿ ಲಾಬ್‌ಸ್ಟರ್ ರೋಲ್, ಕನೆಕ್ಟಿಕಟ್‌ನಲ್ಲಿ ಬಿಸಿ ಬೆಣ್ಣೆಯ ಜೊತೆ ಕೇಳಿ. ನ್ಯೂಜೆರ್ಸಿಯಲ್ಲಿ ಹಂದಿಮಾಂಸದ ಬಿಲ್ಲೆ, ಮೊಟ್ಟೆ, ಚೀಸ್ ಸೇರಿಸಿದ ಸ್ಯಾಂಡ್‌ವಿಚ್. ಆ ಬಿಲ್ಲೆಯನ್ನು ಉತ್ತರದವರು ಟೇಲರ್ ಹ್ಯಾಮ್ ಎನ್ನುತ್ತಾರೆ, ದಕ್ಷಿಣದವರು ಪೋರ್ಕ್ ರೋಲ್ ಎನ್ನುತ್ತಾರೆ. ಆ ಜಗಳದಲ್ಲಿ ನೀವು ತಲೆ ಹಾಕಬೇಡಿ.

8. ಬಿಲ್ಲು, ಟಿಪ್

ಮೆನುವಿನ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ. ಈ ನಾಲ್ಕು ರಾಜ್ಯಗಳಲ್ಲಿ ಅದು ಸುಮಾರು ಶೇಕಡ 6.5ರಿಂದ 8ರವರೆಗೆ. ಅದರ ಮೇಲೆ ಟಿಪ್, ಶೇಕಡ 18ರಿಂದ 20. ಊರಿಂದ ಬಂದವರು ಇಲ್ಲಿ ತಗಾದೆ ತೆಗೆಯುತ್ತಾರೆ, ಅದಕ್ಕೆ ಕಾರಣವನ್ನೂ ಹೇಳಿಬಿಡುತ್ತೇನೆ. ಟಿಪ್ ಪಡೆಯುವ ನೌಕರರಿಗೆ ಮಾಲೀಕರು ಕೊಡಬೇಕಾದ ಕನಿಷ್ಠ ನಗದು ಕೂಲಿ ಕೇಂದ್ರದ ಕಾನೂನಿನಲ್ಲಿ ಗಂಟೆಗೆ 2.13 ಡಾಲರ್, 1991ರಿಂದ ಬದಲಾಗಿಲ್ಲ. ಹಲವು ರಾಜ್ಯಗಳು ಇದಕ್ಕಿಂತ ಹೆಚ್ಚು ನಿಗದಿ ಮಾಡಿವೆ, ಆದರೂ ಸಂಸಾರ ನಡೆಯುವುದು ಟಿಪ್ಪಿನಿಂದಲೇ. ನೀವು ಇಡುವುದು ಬಕ್ಷೀಸಲ್ಲ, ಕೂಲಿಯ ಭಾಗ.

ಲೆಕ್ಕ ಸುಲಭ. ತೆರಿಗೆಗೆ ಮೊದಲಿನ ಮೊತ್ತ 30 ಡಾಲರ್ ಆದರೆ 6 ಡಾಲರ್ ಇಡಿ. ಬರೀ ಕಾಫಿ, ಟೋಸ್ಟ್ ತಿಂದು ಕೌಂಟರ್‌ನಲ್ಲಿ ಒಂದು ಗಂಟೆ ಕುಳಿತಿದ್ದರೆ ಶೇಕಡಾವಾರು ನೋಡಬೇಡಿ, ಎರಡು ಮೂರು ಡಾಲರಾದರೂ ಇಡಿ. ಆರೇಳು ಜನ ಒಟ್ಟಿಗೆ ಹೋದರೆ ಬಿಲ್ಲಿನಲ್ಲೇ ‘ಗ್ರಾಚುಯಿಟಿ’ ಎಂದು ಸೇರಿಸಿರಬಹುದು. ಅದು ಟಿಪ್ಪೇ, ಎರಡು ಸಲ ಕೊಡಬೇಡಿ.

ಚೀಟಿಯನ್ನು ಮೇಜಿನ ಮೇಲೆ ಮಗುಚಿಟ್ಟು ಹೋದರೆ, ಹಳೆಯ ಡೈನರ್‌ಗಳಲ್ಲಿ ನೀವೇ ಅದನ್ನು ಹಿಡಿದು ಬಾಗಿಲ ಬಳಿಯ ಗಲ್ಲಾಕ್ಕೆ ಹೋಗಬೇಕು. ಕುಳಿತಲ್ಲೇ ಕಾರ್ಡ್ ಹಿಡಿದು ಕಾಯುತ್ತಿದ್ದರೆ ಯಾರೂ ಬರುವುದಿಲ್ಲ. ಬರೀ ನಗದು ತೆಗೆದುಕೊಳ್ಳುವ ಕಡೆಗಳೂ ಇವೆ, ಬಾಗಿಲಲ್ಲೇ ಬರೆದಿರುತ್ತಾರೆ. ಆದ್ದರಿಂದ ಒಂದು, ಐದು, ಹತ್ತು ಡಾಲರಿನ ನೋಟುಗಳನ್ನು ಬಿಡಿಬಿಡಿಯಾಗಿ ಇಟ್ಟುಕೊಂಡಿರಿ. ಗಲ್ಲಾಕ್ಕೆ ಹೋಗುವ ಮೊದಲು ಟಿಪ್ಪಿನ ನೋಟುಗಳನ್ನು ಲೋಟದ ಕೆಳಗೆ ಸಿಕ್ಕಿಸಿ. ಉಳಿದ ಅರ್ಧ ತಟ್ಟೆಗೆ ‘ಬಾಕ್ಸ್’ ಎಂದು ಕೇಳಿದರೆ ಡಬ್ಬಿ ತಂದುಕೊಡುತ್ತಾರೆ, ಅದಕ್ಕೆ ಸಂಕೋಚ ಬೇಡ. ಬಾಗಿಲ ಬಳಿ ಜನ ಕಾಯುತ್ತಿದ್ದರೆ ಹರಟೆಯನ್ನು ಕಾರಿನಲ್ಲಿ ಮುಂದುವರಿಸಿ.